ನಡುವೆ ನಿಂತ ಸೀಳುಗಳು

ಟೆಂಪೋ ಹಿಂದಕ್ಕೆ ತಗೊಂಡು ಕಾರ್ಖಾನೆಯ ಬಾಗಿಲಿಗೆ ಹಚ್ಚಿದೆ. ಇಳಿದು ನೋಡಿದರೆ ಅಕ್ಕ ಹೊಸ್ತಿಲಲ್ಲೇ ನಿಂತಿದ್ದಾಳೆ.

"ಎಂತ ಆತು?" ಎಂದೆ.

ಒಳಗೆ ಗೋಡೆಗೆ ಒರಗಿಸಿದ್ದ ಹಲಗೆಗಳೆಲ್ಲ ಹಾಳಾಗಿದ್ದವು. ನೇರವಾಗಿ, ಸಾಲಾಗಿ ಕೊರೆದಿದ್ದ ಸೀಳುಗಳ ಮೇಲೆ ಯಾರೋ ಅಡ್ಡಾದಿಡ್ಡಿ ಬೇರೆ ಸೀಳು ಎಳೆದಿದ್ದರು. ಅವು ಹಲಗೆಯ ಅಂಚಿನಿಂದ ಹೊರಟು, ಸೊಟ್ಟಸೊಟ್ಟಗೆ ಸಾಗಿ, ನಡುವೆ ಎಲ್ಲೋ ನಿಂತುಬಿಟ್ಟಿದ್ದವು.

ನನ್ನ ಅಕ್ಕ ಶ್ರೀಮತಿ, ಹೊನ್ನಾವರದಲ್ಲಿ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತಳಾದವಳು. ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ. ಮೀನುಗಾರರ ಮನೆಯ ಹೆಣ್ಣು. ಗಾಳ, ರೀಲು, ದಾರ ಮಾರುವ ಅಂಗಡಿ ತೆರೆಯಲು ಹೊರಟಿದ್ದಳು. ಅಂಗಡಿಯ ಗೋಡೆಗೆ ಬೇಕಾದದ್ದು ಈ ಸೀಳು ಹಲಗೆಗಳು. ಸೀಳಿನೊಳಗೆ ಕೊಕ್ಕೆ ಸಿಕ್ಕಿಸಿ ಸಾಮಾನು ತೂಗುಹಾಕಬಹುದು. ಬೇಕೆಂದಾಗ ಕೊಕ್ಕೆಯನ್ನು ಅತ್ತಿತ್ತ ಸರಿಸಬಹುದು. ಈ ಕಾರ್ಖಾನೆಯ ಯಜಮಾನ, ಕುಮಟೆಯ ದಿವಾಕರನಿಗೆ ಕೆಲಸ ಒಪ್ಪಿಸಿದ್ದಳು. ತದಡಿಯಿಂದ ಮೀನು ಸಾಗಿಸುವ ನನ್ನ ಟೆಂಪೋವನ್ನು ಚೆನ್ನಾಗಿ ತೊಳೆಸಿ, ಇವತ್ತು ಹಲಗೆ ಒಯ್ಯಲು ನನ್ನನ್ನು ಕರೆತಂದಿದ್ದಳು.

ನಾವು ಬರುವ ಮೊದಲೇ ದಿವಾಕರ ರಸ್ತೆಯಲ್ಲಿ ನಿಂತು ಕೆಲಸದ ಹುಡುಗಿಯ ಮೇಲೆ ಕೂಗಾಡಿ ಮುಗಿಸಿದ್ದ. ಎದುರಿನ ಚಾ ಅಂಗಡಿಯವರೆಲ್ಲ ಇತ್ತಲೇ ನೋಡುತ್ತಿದ್ದರು.

"ಹಾಳು ಮಾಡಿದ್ದು ಮತ್ಯಾರು ಮೇಡಂ? ಇವಳೇ!" ದಿವಾಕರ ಒಳಗೆ ಬೆರಳು ತೋರಿಸಿದ. "ಸೀಳು ಕೊರೆಯೂ ರೂಟರ್ ಮಷೀನು ಕಲಿಸಿ, ಕಲಿಸಿ ಅಂತ ಗಂಟು ಬಿದ್ದಿದ್ಳು. ನಿನ್ನೆ ನಾನು ಭಟ್ಕಳಕ್ಕೆ ಹೋದದ್ದೇ ತಡ, ಕೈ ಇಟ್ಟು ನೋಡ್ಯಾಳೆ."

ಮೂಲೆಯಲ್ಲಿ ಬಣ್ಣದ ಡಬ್ಬಗಳ ನಡುವೆ ಸುಷ್ಮಾ ನಿಂತಿದ್ದಳು. ಕಾಗಾಲದ ಹುಡುಗಿ. ಹಲಗೆಗಳಿಗೆ ಬಣ್ಣ ಬಳಿಯುವ ಕೆಲಸ ಅವಳದು. ಅತ್ತು ಕಣ್ಣು ಕೆಂಪಾಗಿತ್ತು.

"ನಿನ್ನೆ ಸಂಜೆ ಕೊನೆಗೆ ಹೋದದ್ದು ಯಾರು?" ಅಕ್ಕ ಕೇಳಿದಳು. ದನಿ ಏರಲಿಲ್ಲ.

"ಪ್ರಮೋದಣ್ಣ," ಎಂದಳು ಸುಷ್ಮಾ. "ನಾ ಹೋಗೂವಾಗ ಅವ್ರು ಇಲ್ಲೇ ಇದ್ರು."

"ಸುಳ್ಳು," ಎಂದ ಪ್ರಮೋದ. ರೂಟರ್ ಹಿಡಿಯುವವನು ಅವನು. ದಿವಾಕರನ ಹಳೇ ಆಳು. "ನಾನು ಮೊದಲು ಹೋದೆ. ಬೀಗ ಹಾಕಿದ್ದು ಅವಳು."

ಒಬ್ಬರ ಮಾತಿಗೆ ಇನ್ನೊಬ್ಬರ ಮಾತು. ನೋಡಿದವರು ಯಾರೂ ಇಲ್ಲ.

"ಮೊದಲಿನ ನೇರ ಸೀಳುಗಳು ಯಾರ ಕೈಯವು?" ಅಕ್ಕ ಕೇಳಿದಳು.

"ನನ್ನವೇ," ಎಂದ ಪ್ರಮೋದ. "ಬೇರೆ ಯಾರೂ ಮಷೀನು ಮುಟ್ಟೂದಿಲ್ಲ."

ಅಕ್ಕ ಹಲಗೆಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಸೊಟ್ಟ ಸೀಳುಗಳು ನಿಂತ ಜಾಗಕ್ಕೆ ಒಂದೊಂದಾಗಿ ಬೆರಳಿಟ್ಟು ನೋಡಿದಳು. ಆಮೇಲೆ ನನ್ನನ್ನು ಕರೆದು ಎರಡು ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ ಇಡಿಸಿದಳು. ಒಂದು ಕ್ಷಣ ನೋಡಿ, "ಆತು," ಎಂದಳು. ಏನು ಆಯಿತೋ ನನಗೆ ತಿಳಿಯಲಿಲ್ಲ.

"ಸುಷ್ಮಾ, ಈ ತುಂಡಿನ ಮೇಲೆ ಒಂದು ಸೀಳು ಕೊರಿ. ನಾನು ಸಾಕು ಅಂದಾಗ ನಿಲ್ಸು."

"ನಂಗೆ ಬರೂದಿಲ್ಲ ಅಕ್ಕ."

"ಬಂದಷ್ಟು ಮಾಡು. ದಿವಾಕರ, ನೀನು ಹತ್ತಿರವೇ ಇರು."

ದಿವಾಕರ ತುಂಡು ಹಲಗೆಯನ್ನು ಮೇಜಿಗೆ ಬಿಗಿದು, ಅವಳಿಗೆ ಕನ್ನಡಕ ಕೊಟ್ಟ. ಮಷೀನು ಗುಂಯ್ ಎಂದಿತು. ಹುಡುಗಿ ಕೊರೆದ ಸೀಳು ಸೊಟ್ಟಗೆ ಹೊರಟಿತು. ಗೇಣುದ್ದ ಸಾಗುವಷ್ಟರಲ್ಲಿ ಅಕ್ಕ ಕೂಗಿದಳು — "ಸಾಕು!"

ಸುಷ್ಮಾ ಮಷೀನನ್ನು ಮೇಲಕ್ಕೆತ್ತಿದಳು. ಚಟ್! ಹಲಗೆಯ ಮೈ ಕಿತ್ತು ಚೂರುಗಳು ಹಾರಿದವು. ದಿವಾಕರ ಕೈ ಚಾಚಿ ಸ್ವಿಚ್ ಆರಿಸಿದ.

"ಈಗ ನೀನು, ಪ್ರಮೋದ."

ಪ್ರಮೋದ ನಕ್ಕ. ಬೆಣ್ಣೆ ಕೊಯ್ದಂತೆ ಕೊರೆದ. ಅಕ್ಕ "ಸಾಕು," ಎಂದ ಕೂಡಲೇ ಸ್ವಿಚ್ ಆರಿಸಿದ. ಮಷೀನಿನ ಕೊರೆಯುವ ಬಿಟ್ ತಿರುಗುವುದು ನಿಲ್ಲುವ ತನಕ ಕಾದ. ಬಂದ ದಾರಿಯಲ್ಲೇ ಮಷೀನನ್ನು ಹಿಂದಕ್ಕೆ ಎಳೆದು ಅಂಚಿನಿಂದ ಹೊರತೆಗೆದ.

ದಿವಾಕರ ಆ ತುಂಡನ್ನು ನೋಡಿದ. ಆಮೇಲೆ ಗೋಡೆಯ ಹಲಗೆಗಳನ್ನು ನೋಡಿದ. ಅವನ ಮುಖ ಬಿಳುಪೇರಿತು.

"ದಿವಾಕರ, ನಿಂಗೆ ಹೇಳಬೇಕಾದ್ದಿಲ್ಲ, ದಾಸನಿಗೆ ಹೇಳ್ತೆ," ಎಂದು ಅಕ್ಕ ನನ್ನ ಕಡೆ ತಿರುಗಿದಳು. "ಈ ಸೀಳಿನ ಬಾಯಿ ಸಪೂರ, ಒಳಗೆ ಅಗಲ. ಕೊರೆಯುವ ಬಿಟ್ ಕೂಡ ಹಾಗೇ, ತುದಿ ಅಗಲ. ನಡುವೆ ಮೇಲೆತ್ತಿದರೆ ಬಾಯಿ ಹರಿದೇ ಹರೀತದೆ. ಗೋಡೆಯ ಹಲಗೆಗಳಲ್ಲಿ ಸೊಟ್ಟ ಸೀಳುಗಳು ಎಲ್ಲೆಲ್ಲೋ ನಿಂತಿವೆ. ಒಂದಾದರೂ ಹರಿದಿದೆಯಾ? ಎಲ್ಲಾ ಹಿಂದಕ್ಕೆ ಎಳೆದು ತೆಗೆದವು. ಕಲಿಯದವರ ಹಾಗೆ ಸೊಟ್ಟಗೆ ಕೊರೆದ ಕೈ, ನಿಲ್ಲಿಸುವಾಗ ಅಭ್ಯಾಸ ಬಿಡಲಿಲ್ಲ."

"ಅವಳು ನಾಟಕ ಮಾಡಿರಬಹುದು," ಎಂದ ಪ್ರಮೋದ.

"ಇರಬಹುದು. ಹಾಗಾದ್ರೆ ಇದನ್ನ ಹೇಳು." ಅಕ್ಕ ಜೋಡಿಸಿಟ್ಟ ಎರಡು ಹಲಗೆ ತೋರಿಸಿದಳು. "ನಿನ್ನ ನೇರ ಸೀಳುಗಳು. ಇದರದ್ದು ಅದಕ್ಕೆ ಕೂಡೂದಿಲ್ಲ ಯಾಕೆ?"

ನಾನೂ ಬಗ್ಗಿ ನೋಡಿದೆ. ಸೊಟ್ಟ ಗೀಟುಗಳ ಗದ್ದಲದಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಂದು ಹಲಗೆಯ ಸೀಳು ಇನ್ನೊಂದರ ಸೀಳಿಗಿಂತ ಬೆರಳಗಲ ಕೆಳಗಿತ್ತು.

"ಹಲಗೆ ಮೊದಲೇ ಕೆಟ್ಟಿತ್ತು," ಎಂದಳು ಅಕ್ಕ. "ಆ ತಪ್ಪು ಮುಚ್ಚಿಹೋಗಬೇಕು ಅಂತ ಇದ್ದದ್ದು ಅದನ್ನು ಕೊರೆದವನಿಗೆ ಮಾತ್ರ. ಕೆಡಿಸಿದ್ದು ನೀನೇ, ಪ್ರಮೋದ."

ಪ್ರಮೋದ ಮರದ ಹೊಟ್ಟಿನ ಚೀಲದ ಮೇಲೆ ಕುಸಿದು ಕುಳಿತ.

"ಅಳತೆಗೆ ಕಟ್ಟಿದ ಪಟ್ಟಿ ಜಾರಿತ್ತು. ನಂಗೆ ಗೊತ್ತಾಗೂವಾಗ ಎಲ್ಲಾ ಮುಗಿದಿತ್ತು," ಎಂದ. "ಪ್ರಮೋದನ ಕೈ ತಪ್ಪೂದೇ ಇಲ್ಲ ಅಂತ ಬಂದವರ ಹತ್ರೆಲ್ಲ ಹೇಳ್ತಿದ್ರಿ ದಿವಾಕರಣ್ಣ. ಹೇಗೆ ಹೇಳ್ಲಿ?"

"ನಂಗೆ ಹೇಳಿದ್ರೆ ಬೇರೆ ಹಲಗೆ ತರ್ತಿದ್ದೆ ಮಾರಾಯ," ಎಂದ ದಿವಾಕರ. ಮೆಲ್ಲನೆ ಸುಷ್ಮಾಳ ಬಳಿ ಹೋಗಿ, ಅವಳಿಗಷ್ಟೇ ಕೇಳುವಂತೆ, "ತಪ್ಪಾತು," ಎಂದ.

ಸುಷ್ಮಾ ಕನ್ನಡಕ ತೆಗೆದಿಟ್ಟಳು. "ಬೈದದ್ದು ರಸ್ತೆಯಲ್ಲಿ ದಿವಾಕರಣ್ಣ. ಎಲ್ರೂ ಕೇಳ್ಯಾರೆ. ನಾಳೆ ನಮ್ಮೂರಿಗೂ ಮುಟ್ತದೆ."

ದಿವಾಕರ ತಲೆ ತಗ್ಗಿಸಿದ. ಎದ್ದದ್ದು ಪ್ರಮೋದ. ಅಂಗಿಗೆ ಹತ್ತಿದ ಹೊಟ್ಟನ್ನೂ ಕೊಡವದೆ ರಸ್ತೆಗಿಳಿದು, ಚಾ ಅಂಗಡಿಯ ಎದುರು ನಿಂತ.

"ಹಲಗೆ ಕೆಡಿಸಿದ್ದು ನಾನು. ಸುಷ್ಮಾ ಅಲ್ಲ."

ಯಾರೋ ಲೋಟ ಕೆಳಗಿಟ್ಟ ಸದ್ದು ಕೇಳಿತು. ದಿವಾಕರನೂ ಹೋಗಿ ಅವನ ಪಕ್ಕ ನಿಂತು, "ಹೌದು, ನಾನು ಸುಮ್ಮನೆ ಹುಡುಗಿಯ ಹೆಸರು ಕೆಡಿಸಿದೆ," ಎಂದ.

ಸುಷ್ಮಾ ಮುಖ ಒರೆಸಿಕೊಂಡಳು. ನಿಧಾನವಾಗಿ ಬಾಗಿಲಿಗೆ ಬಂದು, ಎಲ್ಲರಿಗೂ ಕಾಣುವಂತೆ ನಿಂತಳು.