ಮೊಳೆಗೆ ಹಚ್ಚಿದ ಕರಿ

ಮಾರ್ಚ್ ತಿಂಗಳು. ನದಿಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಮಂಗಳವಾರ ಬೆಳಿಗ್ಗೆ, ಎರಕದ ಕಾರ್ಖಾನೆಯ ಮೊದಲ ಸಿಳ್ಳು ಕೂಗುವ ಹೊತ್ತಿಗೆ, ಕಾರ್ಮಿಕರ ಕ್ಲಬ್ಬಿನ ಕಾರ್ಯದರ್ಶಿ ಪ್ರಿಚರ್ಡ್ ಠಾಣೆಗೆ ಓಡಿ ಬಂದ.

"ಸಾರ್ಜೆಂಟ್ರೇ, ನಮ್ಮ ಥಾರ್ನ್ ದೊರೇನ ಯಾರೋ ಹೊತ್ಕೊಂಡ್ ಹೋಗಿದಾರೆ!"

"ಸತ್ತು ಇನ್ನೂರು ವರ್ಷ ಆಯ್ತಲ್ಲ, ಈಗ್ಯಾಕೆ ಹೊತ್ರು?" ಎಂದ ಕಾನ್‌ಸ್ಟೆಬಲ್ ಬೆಡೋಸ್.

ಸಾರ್ಜೆಂಟ್ ಕಾರ್ಫೀಲ್ಡ್ ದೂರು ಬರೆದುಕೊಂಡ. ಕಳುವಾದದ್ದು ಈ ಕಣಿವೆಯಲ್ಲಿ ಮೊದಲ ಕಬ್ಬಿಣದ ಕುಲುಮೆ ಹೊತ್ತಿಸಿದ ಜೋಸಾಯಾ ಥಾರ್ನನ ಭಾವಚಿತ್ರ. ಮೂಲವಲ್ಲ, ಹಿಂದೊಮ್ಮೆ ಊರಿನ ಚಿತ್ರಗಾರ ಬರೆದ ನಕಲು. ಮುಖ ಮೂಲದಂತಿಲ್ಲವೆಂದು ಅದನ್ನು ತಿದ್ದಲು ಬರ್ಮಿಂಗ್‌ಹ್ಯಾಮ್‌ನಿಂದ ಬೇರೊಬ್ಬ ಚಿತ್ರಗಾರ ಬಂದು ಹೋಟೆಲಿನಲ್ಲಿ ಇಳಿದಿದ್ದ.

ಕ್ಲಬ್ಬಿನಲ್ಲಿ ಸ್ಥಳ ಮಹಜರು ನಡೆಯಿತು. ಬೀಗ ಮುರಿದಿರಲಿಲ್ಲ, ಕಿಟಕಿಗಳು ಭದ್ರವಾಗಿದ್ದವು. ಗೋಡೆಯಲ್ಲಿ ಮೊಳೆಯೊಂದೇ ಉಳಿದಿತ್ತು. ಮುಟ್ಟಿದರೆ ಕಾರ್ಫೀಲ್ಡನ ಬೆರಳು ಕಪ್ಪಾಯಿತು.

"ಒಲೆಯ ಕಬ್ಬಿಣ ಹೊಳೆಯೋಕೆ ಹಚ್ಚೋ ಕರಿ! ಕಳ್ಳ ಓಡೋದು ಬಿಟ್ಟು ಮೊಳೆಗೆ ಪಾಲಿಶ್ ಹಾಕ್ತಾ ನಿಂತಿದ್ನಾ?" ಎಂದ ಬೆಡೋಸ್.

ಕಾರ್ಫೀಲ್ಡನಿಗೆ ನಗು ಬಂತು, ಹಿಂದೆಯೇ ಸಂಕಟವೂ ಬಂತು. ಅವನ ತಾಯಿಯೂ ಕಂಡ ಕಬ್ಬಿಣಕ್ಕೆಲ್ಲ ಕರಿ ಹಚ್ಚುತ್ತಿದ್ದಳು. ಎರಕದವರ ಮನೆಯ ಹೆಂಗಸರಿಗೆ ಕಬ್ಬಿಣವನ್ನು ಬರಿಮೈಯಲ್ಲಿ ಬಿಟ್ಟು ಹೋಗಲು ಕೈ ಬಾರದು.

"ಕ್ಲಬ್ಬಿನ ಒಲೆ ಯಾರು ತಿಕ್ಕೋದು?"

"ನೆಲ್ ಗಿಟ್ಟಿನ್ಸ್," ಎಂದ ಪ್ರಿಚರ್ಡ್. "ಬೀಗದ ಕೈ ಇರೋದು ನನ್ನ ಹತ್ರ, ಬಿಟ್ರೆ ಅವಳ ಹತ್ರ."

ಕಾರ್ಫೀಲ್ಡ್ ಅವಳ ಮನೆಗೆ ಹೋದ. ಅವನನ್ನು ಹುಡುಗನಾಗಿದ್ದಾಗಿನಿಂದ ಬಲ್ಲ ಮುದುಕಿ ನೆಲ್ ಬಾಗಿಲು ತೆಗೆದಳು. "ಬಾ ಟಾಮ್. ಕಾಲು ಒರಸ್ಕೊಂಡು ಬಾ."

ಚಿತ್ರ ಅಡಗಿಸಿರಲಿಲ್ಲ. ಅವಳ ಕುರ್ಚಿಯ ಎದುರಿನ ಗೋಡೆಯಲ್ಲೇ ಇತ್ತು.

"ಯಾಕಜ್ಜಿ ತಂದ್ರಿ?"

"ಅದ್ಯಾರು ಅಂತ ಸರಿಯಾಗಿ ನೋಡು."

ಕಾರ್ಫೀಲ್ಡ್ ಚಿತ್ರದ ದೊರೆಯ ಬಿಳಿ ಕೂದಲಿನ ಟೋಪನ್ನಿನ ಕೆಳಗಿನ ಮುಖ ನೋಡಿದ. ಸೊಟ್ಟ ಮೂಗು. ಚಿಕ್ಕಂದಿನಲ್ಲಿ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ನದಿ ತೋರಿಸುತ್ತಿದ್ದ ಆರ್ಥರ್ ಗಿಟ್ಟಿನ್ಸ್, ನೆಲ್ಲಳ ತೀರಿಹೋದ ಗಂಡ.

"ನಮ್ಮೂರ ಚಿತ್ರಗಾರನಿಗೆ ಆಗ ಸಿಕ್ಕಿದ್ದು ಥಾರ್ನ್ ದೊರೆಯ ಮಸುಕು ಅಚ್ಚಿನ ಚಿತ್ರ. ಮುಖಕ್ಕೆ ಮಾದರಿಯಾಗಿ ನಮ್ಮನೆಯವರನ್ನ ಎದುರಿಗೆ ಕೂರಿಸ್ಕೊಂಡ. ನನ್ನ ಹತ್ರ ಅವರದ್ದೊಂದು ಫೋಟೋನೂ ಇಲ್ಲ. ನಾಳೆ ಆ ಮೂಗು ನೆಟ್ಟಗೆ ಮಾಡ್ತಾರಂತೆ."

ಸಾರ್ಜೆಂಟ್ ಚಿತ್ರವನ್ನು ಗೋಡೆಯಿಂದ ಇಳಿಸಿಕೊಂಡ. "ಆದ್ರೂ ನಿಮ್ಮನ್ನ ಬಂಧಿಸಬೇಕಜ್ಜಿ."

"ಗೊತ್ತಪ್ಪ. ಟೋಪಿ ಹಾಕ್ಕೊತೀನಿ, ಇರು."

ಠಾಣೆಯಲ್ಲಿ ಚಿತ್ರವನ್ನು ಗುರುತಿಸಲು ಪ್ರಿಚರ್ಡನನ್ನು ಕರೆಸಿದರು. ನೆಲ್ ಹೇಳಿದ್ದನ್ನು ಕೇಳಿ ಅವನು ಆ ಮೂಗನ್ನೇ ದಿಟ್ಟಿಸಿದ.

"ಅಯ್ಯೋ ಆರ್ಥರ್! ಇಷ್ಟು ವರ್ಷ ನಿನ್ನ ಕೆಳಗೇ ಕೂತು ಬಿಯರ್ ಕುಡಿದ್ನಲ್ಲೋ," ಎಂದವನು ದೂರು ಹಿಂತೆಗೆದುಕೊಂಡ.

ಚಿತ್ರ ಆ ಸಂಜೆಯೇ ನೆಲ್ಲಳ ಗೋಡೆಗೆ ಮರಳಿತು. ಕ್ಲಬ್ಬಿನವರು ಮೂಲ ಚಿತ್ರದ ಫೋಟೋ ತರಿಸಿಕೊಳ್ಳುವುದೆಂದು ತೀರ್ಮಾನಿಸಿದರು. ಬರ್ಮಿಂಗ್‌ಹ್ಯಾಮ್‌ನ ಚಿತ್ರಗಾರ ಬಣ್ಣದ ಪೆಟ್ಟಿಗೆಯನ್ನು ಬಿಚ್ಚದೆಯೇ ಗುರುವಾರ ರೈಲು ಹತ್ತಿದ.