ನಾಲ್ಕು ಮಿಲಿಮೀಟರ್

“ಸೀಟು ಹದಿನೈದು ಮಿಲಿಮೀಟರ್ ಕೆಳಗಿದೆ,” ಎಂದ ಸೈಕಲ್ ಅಂಗಡಿಯವನು. ಬನ್ನಿ ಇಲ್ಲ, ಕೂತ್ಕೊಳ್ಳಿ ಇಲ್ಲ. ನನ್ನ ಮುಖ ಕೂಡ ನೋಡಲಿಲ್ಲ, ನನ್ನ ಸೈಕಲ್ಲನ್ನೇ ನೋಡುತ್ತಿದ್ದ.

“ಮಂಡಿ ನೋಯುತ್ತೆ ಅಂತ ಬಂದೆ. ಸೀಟಿನ ವಿಷಯ ಯಾರು ಕೇಳಿದ್ರು?”

“ಮಂಡಿ ನೋಯೋದೇ ಅದಕ್ಕೆ.”

ಅಳತೆಪಟ್ಟಿ ಹಿಡಿದು ಬಗ್ಗಿದ. ಹಿಡಿದ ಚೆಂದವೇ ಚೆಂದ! ಕೈಯನ್ನು ಉದ್ದಕ್ಕೆ ಚಾಚಿ, ತಲೆಯನ್ನು ಹಿಂದಕ್ಕೆ ಎಳೆದುಕೊಂಡು, ಕಣ್ಣು ಕಿರಿದು ಮಾಡಿ. ಹದಿನಾಲ್ಕು ವರ್ಷದಿಂದ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳಿಗೆ ಆ ಭಂಗಿ ಗೊತ್ತಾಗದೆ ಇರುತ್ತದೆಯೇ?

“ನಿಮಗೆ ಓದೋ ಕನ್ನಡಕ ಬೇಕು,” ಎಂದೆ.

“ನನ್ನ ಕಣ್ಣಿನ ವಿಷಯ ಯಾರು ಕೇಳಿದ್ರು?”

ಆಗ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದ. ನಲವತ್ತರ ಆಸುಪಾಸು, ಕಿವಿಯ ಮೇಲೆ ಗ್ರೀಸಿನ ಗೆರೆ, ಹುಬ್ಬು ಗಂಟು. ಊರಿನ ಸೈಕಲ್ ಸವಾರರೆಲ್ಲ ಇವನನ್ನು ಕರೆಯುವುದೇ ಮಿಲಿಮೀಟರ್ ಎಂದು. ಅವನ ಕೈ ಬಿದ್ದ ಸೈಕಲ್ ಮೈಗೆ ಹೊಲಿಸಿದ ಬಟ್ಟೆಯ ಹಾಗೆ ಕೂರುತ್ತದೆ ಎಂಬ ಖ್ಯಾತಿ. ಬಾಯಿ ಮಾತ್ರ ಕೇಳಬಾರದು.

ಆ ದಿನ ಸೀಟನ್ನು ಹನ್ನೊಂದು ಮಿಲಿಮೀಟರ್ ಮಾತ್ರ ಏರಿಸಿದ. “ಪೂರ್ತಿ ಹದಿನೈದು ಒಂದೇ ಸಲ ಏರಿಸಿದ್ರೆ ಕಾಲು ಒಪ್ಪಲ್ಲ. ಉಳಿದ ನಾಲ್ಕು ಆಮೇಲೆ ನೋಡೋಣ.”

ನಾನು ಬ್ಯಾಗಿನಿಂದ ಕೆಂಪು ನೇಲ್ ಪಾಲಿಶ್ ತೆಗೆದು, ಸೀಟಿನ ಕಂಬ ಫ್ರೇಮಿನೊಳಗೆ ಇಳಿಯುವ ಜಾಗದಲ್ಲಿ ಒಂದು ಸಣ್ಣ ಗೆರೆ ಎಳೆದೆ. “ನಮ್ಮಂಗಡೀಲಿ ಗುರುತು ಹಾಕದೆ ಯಾವ ಲೆನ್ಸೂ ಕತ್ತರಿಸಲ್ಲ,” ಎಂದೆ. ಅವನ ಹುಬ್ಬಿನ ಗಂಟು ಸ್ವಲ್ಪ ಸಡಿಲಾಯಿತು.

ನಾಲ್ಕು ದಿನದ ಮೇಲೆ ನಮ್ಮ ಕನ್ನಡಕದ ಅಂಗಡಿಗೆ ಬಂದ. ಬಂದವನು ಫ್ರೇಮುಗಳ ಕಪಾಟನ್ನೇ ನೋಡುತ್ತ, “ಸುಮ್ನೆ ಈ ಕಡೆ ಬಂದಿದ್ದೆ,” ಎಂದ. ನಾನೂ ಸುಮ್ಮನೆ ಕುರ್ಚಿ ತೋರಿಸಿದೆ.

ಕನ್ನಡಕ ಮಾಡುವಾಗ ಎರಡು ಪಾಪೆಗಳ ನಡುವಿನ ದೂರ ಅಳೆಯಬೇಕು. ಅದಕ್ಕೆ ಎದುರಿಗೆ, ಮೊಳ ದೂರದಲ್ಲಿ ಕೂತು, ಅವರ ಮೂಗಿನ ಮೇಲೆ ಸ್ಕೇಲ್ ಇಟ್ಟು, ನನ್ನ ಒಂದು ಕಣ್ಣು ಮುಚ್ಚಬೇಕು. ದಿನಕ್ಕೆ ಹತ್ತು ಜನರಿಗೆ ಮಾಡುವ ಕೆಲಸ ಇದು.

“ನನ್ನ ಎಡಗಣ್ಣು ನೋಡಿ,” ಎಂದೆ.

ನೋಡಿದ. ನೋಡು ಎಂದರೆ ಹೀಗೂ ನೋಡುತ್ತಾರೆಯೇ? ರೆಪ್ಪೆ ಹೊಡೆಯದೆ, ಎಲ್ಲಿ ಏನು ಸಡಿಲಾಗಿದೆ ಎಂದು ಹುಡುಕುವವನ ಹಾಗೆ. ನನ್ನ ಕೆನ್ನೆ ಬಿಸಿಯಾಯಿತು.

“ಈಗ ಬಲಗಣ್ಣು.”

“ಇದರಲ್ಲಿ ಹಸಿರು ಚುಕ್ಕೆ ಇದೆ,” ಎಂದ ಮೆಲ್ಲಗೆ. “ಆ ಕಣ್ಣಲ್ಲಿ ಇಲ್ಲ.”

ಮೂವತ್ತೇಳು ವರ್ಷದಲ್ಲಿ ನನ್ನ ಕಣ್ಣಿನ ಬಗ್ಗೆ ಯಾರೂ ಅದನ್ನು ಹೇಳಿರಲಿಲ್ಲ. ಅರವತ್ತಮೂರು ಎಂದು ಬರೆಯುವುದರ ಬದಲು ಮೂವತ್ತಾರು ಎಂದು ಬರೆದು, ಹೊಡೆದು ಹಾಕಿ, ಮತ್ತೆ ಅಳೆದೆ. ಎರಡನೇ ಸಲ ಅಳೆಯುವ ಅಗತ್ಯ ನಿಜಕ್ಕೂ ಇರಲಿಲ್ಲ.

*

ನನ್ನ ಕಾಲಲ್ಲಿ ಚಕ್ರವಿದೆ ಎಂದು ನಾನು ಸಣ್ಣವಳಿದ್ದಾಗಿನಿಂದ ಅಮ್ಮ ಹೇಳುತ್ತಾಳೆ. ಕಳೆದ ವರ್ಷದಿಂದ ಅದು ಹುಚ್ಚು ಹಿಡಿದು ತಿರುಗುತ್ತಿತ್ತು. ಊಟಕ್ಕೆ ಕೂತರೆ ಮೇಜಿನ ಕೆಳಗೆ ಕಾಲು ಅಲುಗುತ್ತಿತ್ತು. ಅಂಗಡಿಯ ಕೌಂಟರಿನ ಹಿಂದೆಯೂ ಅದೇ. ಅಮ್ಮ ಮಂಡಿಗೆ ಫಟ್ಟನೆ ಒಂದು ಕೊಟ್ಟು, “ಒಂದು ನಿಮಿಷ ಕೂತ್ಕೋಬಾರ್ದಾ?” ಎನ್ನುತ್ತಿದ್ದಳು.

ಕೂರುವುದು ಹೇಗೆ? ಕಳೆದ ವರ್ಷ ನಾನ್ನೂರು ಕಿಲೋಮೀಟರಿನ ರೈಡಿಗೆ ಹೋಗಿದ್ದೆ. ಇಪ್ಪತ್ತೇಳು ಗಂಟೆಯ ಒಳಗೆ ಮುಗಿಸಬೇಕು. ದಾರಿಯಲ್ಲಿ ಮೂರು ಕಡೆ ಕಂಟ್ರೋಲ್, ಅಂದರೆ ಒಂದು ಮೇಜು, ಎರಡು ಕುರ್ಚಿ, ನಮ್ಮ ಕಾರ್ಡಿಗೆ ಸೀಲ್ ಹಾಕುವ ಒಬ್ಬ ಸ್ವಯಂಸೇವಕ. ಕಂಟ್ರೋಲಿನಲ್ಲಿ ಯಾರು ಏನು ಸಹಾಯ ಮಾಡಿದರೂ ಸರಿ. ಮಧ್ಯದ ದಾರಿಯಲ್ಲಿ ಮಾತ್ರ ಜೊತೆಗಾರರಲ್ಲದ ಹೊರಗಿನವರು ಒಂದು ಬೆರಳು ತಾಗಿಸಿದರೂ ಕಾರ್ಡ್ ರದ್ದು.

ಮುನ್ನೂರ ಹತ್ತನೇ ಕಿಲೋಮೀಟರಿನ ಕಂಟ್ರೋಲಿನಲ್ಲಿ ಮಂಡಿ ಹಿಡಿದು ಕುರ್ಚಿಯಲ್ಲಿ ಕೂತಿದ್ದೆ. ಹತ್ತು ನಿಮಿಷ ಕೂತು ಏಳುವವಳಿದ್ದೆ. ಅಷ್ಟರಲ್ಲಿ ಭಾವ ಕಾರು ತಂದು ನಿಲ್ಲಿಸಿದರು. ಅಮ್ಮ ಕಳಿಸಿದ್ದಳು, ಅಕ್ಕ ದಾರಿ ಹೇಳಿದ್ದಳು, ಸೈಕಲ್ ಕಟ್ಟಲು ಹಗ್ಗವೂ ರೆಡಿ ಇತ್ತು. ಎಲ್ಲರೂ ಸೇರಿ ನನ್ನ ಒಳ್ಳೆಯದಕ್ಕೇ ತೀರ್ಮಾನ ಮಾಡಿ ಆಗಿತ್ತು. ನನ್ನನ್ನು ಕೇಳುವುದೊಂದು ಬಾಕಿ ಇತ್ತು, ಕೇಳಲಿಲ್ಲ. ಸುಸ್ತಾಗಿದ್ದವಳು ಕಾರು ಹತ್ತಿದೆ. ಆ ಉಳಿದ ತೊಂಬತ್ತು ಕಿಲೋಮೀಟರ್ ಅಂದಿನಿಂದ ನನ್ನ ಕಾಲೊಳಗೇ ಕೂತಿತ್ತು.

ಇದನ್ನು ಮಿಲಿಮೀಟರ್‌ಗೆ ಒಂದು ಭಾನುವಾರ ಹೇಳಿದ್ದೆ. ಅಷ್ಟರಲ್ಲಿ ನಮ್ಮ ಭಾನುವಾರಗಳು ಶುರುವಾಗಿದ್ದವು. ಬೆಳಿಗ್ಗೆ ಐದಕ್ಕೆ ಹೊರಟು ನೂರು, ನೂರೈವತ್ತು ಕಿಲೋಮೀಟರ್. ಅವನು ಹಿಂದಿನಿಂದ, “ಹಿಮ್ಮಡಿ ಇಳಿಸ್ಬೇಡಿ! ಭುಜ ಬಿಡಿ!” ಎಂದು ಕೂಗುವುದು, ನಾನು ಕೇಳಿಸಲಿಲ್ಲ ಎಂಬಂತೆ ಜೋರಾಗಿ ತುಳಿಯುವುದು. ಬೇಯಿಸಿದ ಆಲೂಗಡ್ಡೆಗೆ ಉಪ್ಪು ಹಚ್ಚಿ ತರುತ್ತಿದ್ದ. ದೊಡ್ಡದು ಯಾವಾಗಲೂ ನನಗೆ. ನಾನು ಮಾಡಿಕೊಟ್ಟ ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಹಾಕಿಕೊಂಡಿರುತ್ತಿದ್ದ. ಪಂಕ್ಚರ್ ನೋಡುವಾಗ ಒಮ್ಮೆ, ಆಮೇಲೆ ಯಾವ ಕಾರಣವೂ ಇಲ್ಲದೆ ನನ್ನ ಕಡೆ ನೋಡುವಾಗ ಇನ್ನೊಮ್ಮೆ ಏರಿಸಿಕೊಳ್ಳುತ್ತಿದ್ದ.

“ಏನು ನೋಡ್ತಿದ್ದೀರಿ?”

“ಹೆಲ್ಮೆಟ್ ಪಟ್ಟಿ ಸಡಿಲ ಇದ್ಯಾ ಅಂತ.”

“ಇದ್ಯಾ?”

“ಇಲ್ಲ,” ಎಂದು ಇನ್ನೂ ನೋಡುತ್ತಿದ್ದ.

ಇಬ್ಬರೂ ಬಾಯಿ ಬಿಡಲಿಲ್ಲ. ವಾರವಿಡೀ ನಾನು ಕ್ಯಾಲೆಂಡರಿನ ಕಡೆ ನೋಡುತ್ತ ಚಡಪಡಿಸುತ್ತಿದ್ದೆ. ರೈಡಿಗೋ, ಅವನಿಗೋ ಎಂದು ನನಗೇ ತಿಳಿಯುತ್ತಿರಲಿಲ್ಲ.

*

ಈ ವರ್ಷದ ಅದೇ ನಾನ್ನೂರರ ರೈಡಿನ ಹಿಂದಿನ ದಿನ, ಶುಕ್ರವಾರ, ಸೈಕಲ್ಲನ್ನು ಅವನಲ್ಲಿ ಸರ್ವಿಸಿಗೆ ಬಿಟ್ಟೆ. ಸಂಜೆ ಅವನೇ ಮನೆಗೆ ತಂದುಕೊಟ್ಟ. ಸೀಟಿನ ಕೆಳಗಿನ ಚೀಲವನ್ನೂ ಕಟ್ಟಿಯಾಗಿತ್ತು. ಅಮ್ಮ ಟೀ ಕೊಟ್ಟಳು. ಅವನು ಕಪ್ಪನ್ನು ಮೂರು ಸಲ ಎತ್ತಿ ಮೂರು ಸಲವೂ ಕುಡಿಯದೆ ಇಟ್ಟ. “ಮೂರನೇ ಕಂಟ್ರೋಲಲ್ಲಿ ಈ ಸಲ ನಾನೇ ಸೀಲ್ ಹಾಕೋದು,” ಎಂದಷ್ಟೇ ಹೇಳಿ ಎದ್ದು ಹೋದ.

ಶನಿವಾರ ಸಂಜೆ ನಾಲ್ಕಕ್ಕೆ ಹೊರಟೆವು, ಅರವತ್ತು ಜನ. ಕತ್ತಲೆ ಬಂತು, ಹೋಯಿತು. ಎರಡು ಸೀಲ್ ಬಿದ್ದವು. ಬೆಳಿಗ್ಗೆ ಇನ್ನೂರ ನಲವತ್ತನೇ ಕಿಲೋಮೀಟರಿನ ಹೊತ್ತಿಗೆ ಬಲ ಮಂಡಿಯ ಹಿಂಭಾಗದಲ್ಲಿ ಏನೋ ಎಳೆಯಲು ಶುರುವಾಯಿತು. ಕಳೆದ ವರ್ಷ ನೋವು ಮುಂದೆ ಇತ್ತು, ಈಗ ಹಿಂದೆ. ಸೀಟು ತಗ್ಗಾದರೆ ಮುಂದೆ ನೋಯುತ್ತದೆ, ಹೆಚ್ಚಾದರೆ ಹಿಂದೆ. ಇದನ್ನು ಕಲಿಸಿದವನು ಅವನೇ.

ಇಳಿದು ಚೀಲ ಸರಿಸಿ ನೋಡಿದೆ. ನನ್ನ ಕೆಂಪು ಗೆರೆ ಫ್ರೇಮಿನ ಬಾಯಿಯಿಂದ ಮೇಲೆ ಎದ್ದು ಕೂತಿತ್ತು. ಅಳೆಯಲು ಸ್ಕೇಲ್ ಬೇಕಿರಲಿಲ್ಲ, ಕಣ್ಣಳತೆಯಲ್ಲೇ ಗೊತ್ತಾಯಿತು. ನಾಲ್ಕು ಮಿಲಿಮೀಟರ್.

ರಸ್ತೆ ಬದಿಯಲ್ಲಿ ನಿಂತು ಅತ್ತುಬಿಟ್ಟೆ. ನೋವಿಗಲ್ಲ. ಹೊಸ ನಂಬರಿನ ಕನ್ನಡಕ ಹಾಕಿಕೊಂಡು ಯಾರಾದರೂ ಅದೇ ದಿನ ದೂರದ ಪ್ರಯಾಣಕ್ಕೆ ಹೊರಟರೆ ನಾನು ಬಿಡುವುದಿಲ್ಲ. ಅವನಿಗೆ ಅದು ಗೊತ್ತಿಲ್ಲವೇ? ಗೊತ್ತಿದ್ದೂ, ನನಗೆ ಹೇಳದೆ, ನನ್ನ ಒಳ್ಳೆಯದಕ್ಕೆ! ಜಗತ್ತಿನಲ್ಲಿ ಒಬ್ಬನಾದರೂ ನನ್ನನ್ನು ಕೇಳಿ ಮಾಡುತ್ತಾನೆ ಎಂದುಕೊಂಡಿದ್ದೆ. ಅವನೂ ಕಾರು ತಂದ ಭಾವನ ಸಾಲಿಗೇ ಸೇರಿಹೋದ.

ಆಲನ್ ಕೀ ತೆಗೆದು, ಬೋಲ್ಟ್ ಸಡಿಲಿಸಿ ಸೀಟನ್ನು ಗೆರೆಯವರೆಗೆ ಇಳಿಸಿದೆ. ಮಂಡಿ ಅಷ್ಟರಲ್ಲಿ ಮುನಿಸಿಕೊಂಡಾಗಿತ್ತು.

*

ಮುನ್ನೂರ ಹತ್ತಕ್ಕೆ ತಲುಪಿದಾಗ ಮಧ್ಯಾಹ್ನ ಹನ್ನೆರಡೂ ಕಾಲು. ಕಂಟ್ರೋಲ್ ಮುಚ್ಚಲು ಇಪ್ಪತ್ತೈದು ನಿಮಿಷ. ಅದೇ ಮೇಜು, ಅದೇ ಕುರ್ಚಿ. ನಾನು ಕುಂಟುತ್ತ ಬರುವುದನ್ನು ಕಂಡು ಅವನು ಎದ್ದು ನಿಂತ. ಮುಖದಲ್ಲಿ ರಕ್ತವೇ ಇರಲಿಲ್ಲ.

“ನಾನೇ ಮಾಡಿದ್ದು,” ಎಂದ, ನಾನು ಕೇಳುವ ಮೊದಲೇ. “ನೀವು ಶುಕ್ರವಾರ ಸೈಕಲ್ ಬಿಟ್ಟು ಹೋದ್ಮೇಲೆ ನಂಗೆ ಕೈ ಕಟ್ಕೊಂಡು ಇರೋಕೆ ಆಗ್ಲಿಲ್ಲ. ಪೂರ್ತಿ ಅಳತೆ ಇದ್ರೆ ಈ ಸಲ ನಿಮ್ಮ ಮಂಡಿ ನೋಯಲ್ಲ ಅನ್ನಿಸ್ತು. ಹೇಳಿದ್ರೆ ನೀವು ನಿದ್ದೆಗೆಡ್ತೀರಿ ಅಂತ ಹೇಳ್ಲಿಲ್ಲ. ನಿನ್ನೆ ಸಂಜೆ ನೀವು ಹೊರಟ್ಮೇಲೆ ತಪ್ಪು ಅಂತ ಹೊಳೀತು. ಫೋನ್ ಮಾಡಿದ್ರೂ ಸಿಗ್ಲಿಲ್ಲ. ಆಮೇಲಿಂದ ಕಣ್ಣು ಮುಚ್ಚಿಲ್ಲ.”

“ಸೀಲ್ ಹಾಕಿ.”

“ಬಿಟ್ಬಿಡಿ ಇವತ್ತು. ತಪ್ಪು ನಂದು. ಗಾಡಿ ಕರೆಸ್ತೀನಿ...”

“ಮತ್ತೆ ನೀವೇ ತೀರ್ಮಾನ ಮಾಡ್ತಿದ್ದೀರಿ.”

ತೆಗೆದ ಫೋನನ್ನು ಮತ್ತೆ ಜೇಬಿಗೆ ಹಾಕಿದ. ನಾನು ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ನೀರು ಕುಡಿದೆ, ನಿಂತೇ ಬ್ರೆಡ್ಡು ತಿಂದೆ.

“ನಂಗೆ ಹೇಳದೆ ಇನ್ನೇನೇನು ಬದಲಾಯಿಸಿದ್ದೀರಿ? ಈಗಲೇ ಹೇಳಿ.”

ಸೀಲನ್ನು ಕೈಯಲ್ಲಿ ತಿರುಗಿಸುತ್ತ ಯೋಚಿಸಿದ. “ಅಂಗಡಿ ರಜ. ಮೊದ್ಲು ಸೋಮವಾರ ಇತ್ತು. ನೀವು ಬಂದ್ಮೇಲೆ ಭಾನುವಾರ ಮಾಡ್ದೆ.”

“ಇನ್ನೇನು?”

“ಆಲೂಗಡ್ಡೆ ನಂಗೆ ಸೇರಲ್ಲ. ನಿಮಗಿಷ್ಟ ಅಂತ ತಿನ್ನೋದು ಕಲ್ತೆ.”

ಕೋಪದ ಮಧ್ಯೆ ನಗು ಬರಬಾರದು. ಕೆಳತುಟಿ ಕಚ್ಚಿಕೊಂಡೆ. “ಅಷ್ಟೇನಾ?”

“ಇನ್ನೊಂದಿದೆ. ಮುಗಿಸಿ ಬಂದ್ಮೇಲೆ ಹೇಳ್ತೀನಿ.”

“ಹೇಳದೆ ಇಟ್ಕೊಂಡಿದ್ದು ಸಾಕು.”

ಕೊರಳಲ್ಲಿದ್ದ ಕನ್ನಡಕ ಹಾಕಿಕೊಂಡ. ನನ್ನನ್ನು ನೇರವಾಗಿ ನೋಡಿದ. “ನೀನು ಅಂದ್ರೆ ನಂಗೆ ಪ್ರಾಣ. ನಿಮ್ಮಂಗಡೀಲಿ ಆ ಸ್ಕೇಲ್ ಇಟ್ಟೆಯಲ್ಲ, ಅವತ್ತಿಂದ. ಇದನ್ನೂ ಕೇಳದೇ ಮಾಡ್ದೆ.”

ನನ್ನ ಎದೆ ಹೊಡೆದುಕೊಂಡದ್ದು ರಸ್ತೆಗೆಲ್ಲ ಕೇಳಿಸಿರಬೇಕು. ಆದರೂ ಕಾರ್ಡನ್ನು ಮುಂದೆ ಚಾಚಿದೆ. “ಸೀಲ್ ಹಾಕಿ. ಟೈಮ್ ಆಗ್ತಿದೆ.”

ಹಾಕಿದ. ಸೀಲ್ ಸೊಟ್ಟಗೆ ಬಿತ್ತು. ಆ ಮಿಲಿಮೀಟರ್‌ನ ಕೈಯಲ್ಲಿ!

*

ಉಳಿದ ತೊಂಬತ್ತು ಕಿಲೋಮೀಟರನ್ನು ನಾನು ವರ್ಷವಿಡೀ ತುಳಿದಿದ್ದೆ, ಮೇಜಿನ ಕೆಳಗೆ. ನಿಜವಾದ ರಸ್ತೆ ಅದಕ್ಕಿಂತ ಒರಟಾಗಿತ್ತು. ನೀನು ಎಂದನಲ್ಲ, ನೀನು ಎಂದನಲ್ಲ ಎಂದು ಒಂದೊಂದು ಸುತ್ತಿಗೂ ತಲೆ ಹೇಳುತ್ತಿತ್ತು. ಕೇಳದೆ ಮಾಡಿದನಲ್ಲ ಎಂದು ಮಂಡಿ ಹೇಳುತ್ತಿತ್ತು. ಇಬ್ಬರಿಗೂ ಉತ್ತರ ಕೊಡಲಾಗದೆ ಎಡಗಾಲಲ್ಲಿ ಹೆಚ್ಚು, ಬಲಗಾಲಲ್ಲಿ ಕಡಿಮೆ ತುಳಿಯುತ್ತ ಹೋದೆ.

ಮುನ್ನೂರ ಎಪ್ಪತ್ತರಲ್ಲಿ ಹಿಂದಿನ ಚಕ್ರ ಪಂಕ್ಚರ್ ಆಯಿತು.

ಟೈರು ಬಿಚ್ಚಲು ಒದ್ದಾಡುತ್ತಿದ್ದಾಗ ಒಂದು ಸ್ಕೂಟರ್ ಬಂದು ನಿಂತಿತು. ಕೊನೆಯ ಸವಾರನಿಗೂ ಸೀಲ್ ಹಾಕಿ, ಸುಸ್ತಾಗಿ ಬಿಟ್ಟವರನ್ನು ಗಾಡಿ ಹತ್ತಿಸಿ, ಮೇಜು ಮಡಚಿಟ್ಟು ಅವನು ಮುಕ್ತಾಯದ ಕಡೆಗೆ ಹೊರಟಿದ್ದ. ಇಳಿದವನು ಎರಡು ಹೆಜ್ಜೆ ಓಡಿ ಬಂದ. ಮೂರನೇ ಹೆಜ್ಜೆಗೆ ನಿಂತ. ನಾನು ತಲೆ ಎತ್ತಲಿಲ್ಲ. ಮುಟ್ಟಿದರೆ ನನ್ನ ಕಾರ್ಡ್ ಹೋಗುತ್ತದೆ. ಕಾರ್ಡ್ ಹೋದರೆ ಹೋಗಲಿ, ಇವನೂ ನನ್ನ ಪಾಲಿಗೆ ಇಲ್ಲವಾಗುತ್ತಾನೆ.

ರಸ್ತೆ ಬದಿಯ ಮೋಟುಗೋಡೆಯ ಮೇಲೆ ಹೋಗಿ ಕೂತ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಅವುಗಳ ಮೇಲೆ ಭಾರ ಬಿಟ್ಟು ಕೂತ.

ನಾನು ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ಹುಡುಕಿದೆ. ಸಿಗಲಿಲ್ಲ. ಅವನಿಗೆ ಅಲ್ಲಿಂದಲೇ ಕಂಡಿರಬೇಕು, ಕತ್ತು ಉದ್ದವಾಯಿತು, ತುಟಿ ತೆರೆಯಿತು.

“ಬಾಯಿಂದಾನೂ ಹೇಳೋ ಹಾಗಿಲ್ಲ,” ಎಂದೆ.

ತುಟಿ ಮುಚ್ಚಿತು. ಮೂರನೇ ಸುತ್ತಿಗೆ ಮುಳ್ಳು ನನ್ನ ಬೆರಳಿಗೇ ಸಿಕ್ಕಿತು. ಹೊಸ ಟ್ಯೂಬು ಟೈರಿನ ಅಂಚಿಗೆ ಸಿಕ್ಕಿಕೊಂಡಿತು. ಅವನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ನಾನು ಬಿಡಿಸಿದೆ, ಮತ್ತೆ ಸಿಕ್ಕಿತು, ಮತ್ತೆ ಬಿಡಿಸಿದೆ. ಅವನು ಐದು ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ನಲವತ್ತು ನಿಮಿಷ ಹಿಡಿಯಿತು. ಬಿಸಿಲಿಗೆ ಅವನ ಹಣೆಯ ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೂಡ ಕೈ ತೆಗೆಯಲಿಲ್ಲ. ಗಾಳಿ ತುಂಬಿ ಚಕ್ರ ತಿರುಗಿಸಿದಾಗ ನಮ್ಮಿಬ್ಬರ ಉಸಿರೂ ಒಟ್ಟಿಗೆ ಹೊರಬಂತು.

ನನ್ನ ಸಿಟ್ಟು ಅಲ್ಲೇ, ಆ ಮೋಟುಗೋಡೆಯ ಬಳಿ ಇಳಿದುಹೋಯಿತು. ಅವನಿಗೆ ಹೇಳಲಿಲ್ಲ. ಸೈಕಲ್ ಹತ್ತಿದೆ.

*

ಏಳು ಗಂಟೆಗೆ ಗಡುವು. ಆರು ಐವತ್ತೊಂದಕ್ಕೆ ಕ್ರೀಡಾಂಗಣದ ಗೇಟಿನೊಳಗೆ ನುಗ್ಗಿದೆ. ಯಾರೋ ಚಪ್ಪಾಳೆ ಹೊಡೆದರು, ಯಾರೋ ಕೊನೆಯ ಸೀಲ್ ಹಾಕಿದರು. ಅವನು ದೂರದಲ್ಲಿ, ಕಂಬಕ್ಕೆ ಆತು, ಕೈಗಳನ್ನು ಜೇಬಿನಲ್ಲಿ ಇಟ್ಟುಕೊಂಡು ನಿಂತಿದ್ದ. ಕರೆಯದೆ ಬರುವುದಿಲ್ಲ ಎಂದು ನಿರ್ಧರಿಸಿದಂತಿತ್ತು.

ನಾನೇ ಕುಂಟುತ್ತ ಹೋದೆ. ಮೊಳ ದೂರದಲ್ಲಿ ನಿಂತು ಒಂದು ಕಣ್ಣು ಮುಚ್ಚಿದೆ.

“ನನ್ನ ಎಡಗಣ್ಣು ನೋಡು.”

ನೋಡಿದ. ಅವನ ಕಣ್ಣು ತುಂಬಿತ್ತು.

“ಈಗ ಬಲಗಣ್ಣು.”

“ಏನು ಅಳೀತಿದ್ದೀಯ?”

“ಮಧ್ಯಾಹ್ನ ಹೇಳಿದ್ದು ಇನ್ನೂ ಹಾಗೇ ಇದ್ಯಾ ಅಂತ.”

“ಕದಲಿಲ್ಲ.”

“ನಂಗೂ ನೀನೇ ಬೇಕು,” ಎಂದೆ. “ಹೇಳೋಕೆ ನಾನ್ನೂರು ಕಿಲೋಮೀಟರ್ ಬೇಕಾಯ್ತು.” ಆಮೇಲೆ ಜೇಬಿನಿಂದ ಆಲನ್ ಕೀ ತೆಗೆದು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದೆ. “ಆ ನಾಲ್ಕು ಮಿಲಿಮೀಟರ್ ನಂಗೆ ಬೇಕೇ ಬೇಕು ಅಂತ ಗೊತ್ತು. ಏರಿಸು. ನಾನು ಎದುರಿಗಿದ್ದಾಗ.”

“ಎರಡು ವಾರ ಮಂಡಿ ಆರಲಿ. ಆಮೇಲೆ ದಿನಕ್ಕೆ ಒಂದೊಂದು ಮಿಲಿಮೀಟರ್. ಆಗ್ಬಹುದಾ?”

“ಹೇಳ್ತಿದ್ದೀಯಾ, ಕೇಳ್ತಿದ್ದೀಯಾ?”

“ಕೇಳ್ತಿದ್ದೀನಿ.”

“ಹಾಗಾದ್ರೆ ಸರಿ.”

ಒಂದು ಕುರ್ಚಿ ತಂದ. ಹಾಕಲೇ ಎಂದು ಕಣ್ಣಲ್ಲೇ ಕೇಳಿ, ನಾನು ತಲೆಯಾಡಿಸಿದ ಮೇಲೆ ಹಾಕಿದ. ಕೂತೆ. ಅವನು ಪಕ್ಕದಲ್ಲಿ ನೆಲದ ಮೇಲೆ ಕೂತು, ನನ್ನ ಕೈ ಹಿಡಿದುಕೊಂಡ. ಫೋನ್ ಹೊಡೆದುಕೊಂಡಿತು. ಅಮ್ಮ.

“ಎಲ್ಲಿದ್ದೀಯೇ? ಮುಗೀತಾ? ಭಾವನ್ನ ಕಳಿಸ್ಲಾ?”

“ಮುಗೀತಮ್ಮ. ಯಾರೂ ಬರೋದು ಬೇಡ. ಸುಮ್ನೆ ಕೂತಿದ್ದೀನಿ.”

ಅಮ್ಮ ಗಾಬರಿಯಿಂದ ಕೇಳಿದಳು, “ನೀನಾ? ಕೂತಿದ್ದೀಯಾ?”

ಕೆಳಗೆ ನೋಡಿದೆ. ನನ್ನ ಕಾಲು ಅಲುಗುತ್ತಿರಲಿಲ್ಲ.