ಒಂದೇ ಕಿಕ್ಕಿಗೆ

ಅಶ್ವತ್ಥನಾರಾಯಣರ ಹೆಣ ಬಿದ್ದಿದ್ದು ಲೋಧಿ ಕಾಲೋನಿಯ ಹಾಲಿನ ಬೂತಿನ ಎದುರು. ಬೆಳಗಿನ ವಾಕಿಂಗಿಗೆ ಹೊರಟವರು. ಹಿಂದಿನಿಂದ ಸ್ಕೂಟರ್ ಬಂದು ಗುದ್ದಿತ್ತು. ತಲೆ ಫುಟ್‌ಪಾತಿನ ಕಲ್ಲಿಗೆ ಬಡಿದಿತ್ತು. ಮಂಕಿ ಕ್ಯಾಪ್ ರಕ್ತದಲ್ಲಿ ತೊಯ್ದು ಕಪ್ಪಾಗಿತ್ತು.

"ಬ್ರೇಕೇ ಹಾಕಲಿಲ್ಲ ಸಾಬ್," ಎಂದ ಬೂತಿನವನು ಹಿಂದಿಯಲ್ಲಿ. "ಬೇಕಂತಲೇ ಗುದ್ದಿದ. ಹೆಲ್ಮೆಟ್ ಇತ್ತು, ಮುಖ ಕಾಣಲಿಲ್ಲ."

ಮಂಜಿನಲ್ಲೂ ನಂಬರ್ ಮಾತ್ರ ಸರಿಯಾಗಿ ನೋಡಿದ್ದ.

ಆ ನಂಬರಿನ ಸ್ಕೂಟರ್ ದೂರವೇನೂ ಇರಲಿಲ್ಲ. ಪಕ್ಕದ ಗಲ್ಲಿಯ ಸರ್ಕಾರಿ ಫ್ಲ್ಯಾಟಿನ ಮೆಟ್ಟಿಲ ಕೆಳಗೆ ಟಾರ್ಪಾಲಿನ್ ಹೊದ್ದು ನಿಂತಿತ್ತು. ಮಾಲೀಕರು ಸೂರ್ಯನಾರಾಯಣ, ಕೇಂದ್ರ ಸರ್ಕಾರದ ಮಂತ್ರಾಲಯವೊಂದರಲ್ಲಿ ಸೆಕ್ಷನ್ ಆಫೀಸರ್. ಬಾಗಿಲು ತೆಗೆದವರೇ ಗದರಿದರು.

"ಆ ಸ್ಕೂಟರಾ? ಅದು ಕೆಟ್ಟು ಮೂಲೆ ಸೇರಿ ಆರು ವರ್ಷ ಆಯ್ತು. ಟೈರಲ್ಲಿ ಗಾಳಿ ಇಲ್ಲ, ಟ್ಯಾಂಕಲ್ಲಿ ಪೆಟ್ರೋಲ್ ಇಲ್ಲ. ಆಯುಧಪೂಜೆಗೆ ಕುಂಕುಮ ಇಡೋದು ಬಿಟ್ಟರೆ ಯಾರೂ ಮುಟ್ಟಲ್ಲ. ನೀವು ನಮ್ಮೋರಾಗಿ ಹೀಗೆ ಮನೆ ಬಾಗಿಲಿಗೆ ಬಂದ್ರೆ ಹೇಗ್ರೀ?"

ಸಬ್ ಇನ್‌ಸ್ಪೆಕ್ಟರ್ ತಿಪ್ಪೇಸ್ವಾಮಿಗೆ ಮೈ ಉರಿಯಿತು. ಚಳ್ಳಕೆರೆಯಿಂದ ಬಂದು ದೆಹಲಿ ಪೊಲೀಸ್ ಸೇರಿದ ದಿನದಿಂದ ಈ ಮಾತು ಕೇಳಿ ಕೇಳಿ ಸಾಕಾಗಿತ್ತು. ಸಿಗ್ನಲ್ ಹಾರಿದವನೂ ನಮ್ಮೋರು, ಪಾಸ್‌ಪೋರ್ಟ್ ವೆರಿಫಿಕೇಷನ್ ಬೇಗ ಬೇಕಾದವನೂ ನಮ್ಮೋರು. ಕೆಲಸ ಆದ ಮೇಲೆ ಹಬ್ಬಕ್ಕೆ ಕರೆದು ಒಂದು ಹೋಳಿಗೆ ಕೊಟ್ಟವನು ಒಬ್ಬನೂ ಇಲ್ಲ.

ತಿಪ್ಪೇಸ್ವಾಮಿ ಟಾರ್ಪಾಲಿನ್ ಎಳೆದ. ಮುಂದಿನ ಮಡ್‌ಗಾರ್ಡ್ ನೆಗ್ಗಿತ್ತು. ಟೈರುಗಳಲ್ಲಿ ಗಾಳಿ ತುಂಬಿತ್ತು. ಸೈಲೆನ್ಸರ್ ಮುಟ್ಟಿದ. ಇನ್ನೂ ಬೆಚ್ಚಗಿತ್ತು.

ಕಿಕ್ ಹೊಡೆದ. ಒಂದೇ ಕಿಕ್ಕಿಗೆ ಸ್ಕೂಟರ್ ಗುಡುಗಿತು. ಮೆಟ್ಟಿಲ ಕೆಳಗೆಲ್ಲ ನೀಲಿ ಹೊಗೆ.

ತಿಪ್ಪೇಸ್ವಾಮಿ ಬಗ್ಗಿ ಸೀಟಿನ ಕೆಳಗಿನ, ಪೆಟ್ರೋಲ್ ಬಿಟ್ಟು ನಿಲ್ಲಿಸುವ ಕಾಕ್ ನೋಡಿದ. ಬಲಕ್ಕೆ ಓಪನ್, ಎಡಕ್ಕೆ ಕ್ಲೋಸ್ ಎಂದು ತಗಡಿನ ಮೇಲೆ ಅಚ್ಚು ಒತ್ತಿತ್ತು. ಒಮ್ಮೆ ಅತ್ತ, ಒಮ್ಮೆ ಇತ್ತ ತಿರುಗಿಸಿ, ಒಂದೊಂದು ಸಲವೂ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಕಾದ. ಕೊನೆಗೆ ಎಂಜಿನ್ ಕೆಮ್ಮಿ ನಿಂತಿತು.

ಸೂರ್ಯನಾರಾಯಣ ತಿರುಗಿ ನೋಡಿದ್ದು ಪೊಲೀಸರನ್ನಲ್ಲ, ಬಾಗಿಲಲ್ಲಿ ನಿಂತ ಮಗ ಅಭಿಷೇಕನನ್ನು.

*

"ಮೈನೇ ನಹೀ ಕಿಯಾ!" ಅಭಿಷೇಕ್ ಕೂಗಿದ. "ನಾನು ಮಾಡಿಲ್ಲ, ಸರ್."

"ಕಳೆದ ವಾರ ಪಾರ್ಕಿನಲ್ಲಿ ನೀನು ಅಶ್ವತ್ಥನಾರಾಯಣರ ಕಾಲರ್ ಹಿಡಿದಿದ್ದೆ," ಎಂದ ತಿಪ್ಪೇಸ್ವಾಮಿ.

"ಹಿಡಿದಿದ್ದೆ. ಅಂಕಲ್ ಎಲ್ಲರ ಮೇಲೂ ಕಂಪ್ಲೇಂಟ್ ಬರೀತಿದ್ರು. ನಮ್ಮ ಮನೇಲಿ ಬಾಡಿಗೆಗೆ ಜನ ಇಟ್ಟಿದೀವಿ ಅಂತ ಸುಳ್ಳು ಬರೆದ್ರು. ಕ್ವಾರ್ಟರ್ಸ್ ಹೋದ್ರೆ ನಾವೆಲ್ಲಿಗೆ ಹೋಗೋದು?"

"ನೋಡ್ಕೋತೀನಿ ಅಂತ ಬೆದರಿಸಿದ್ದೆ."

"ಗುಸ್ಸಾ ಥಾ, ಯಾರ್... ಸಾರಿ, ಸರ್. ಕೋಪದಲ್ಲಿ ಅಂದೆ."

ಕಾನ್‌ಸ್ಟೇಬಲ್ ದಿಲೀಪ್ ಹುಡುಗನ ಮೇಜಿನ ಡ್ರಾಯರಿನಿಂದ ಹೊಸ ಸ್ಪಾರ್ಕ್ ಪ್ಲಗ್ ತಂದು ತೋರಿಸಿದ. ಡಬ್ಬಿ ಇನ್ನೂ ಒಡೆದಿರಲಿಲ್ಲ.

"ಸ್ಕೂಟರ್ ರಿಪೇರಿ ಮಾಡಿಸೋಣ ಅಂತ ತಂದಿದ್ದೆ," ಎಂದ ಅಭಿಷೇಕ್. "ಮುಂದಿನ ಸೋಮವಾರ ಸರ್ಕಾರಿ ಕೆಲಸಕ್ಕೆ ಸೇರಬೇಕು. ಬಸ್ಸಲ್ಲಿ ನೇತಾಡೋ ಬದಲು ಪಪ್ಪಾ ಸ್ಕೂಟರಲ್ಲಿ ಹೋಗೋಣ ಅಂತ."

ಕೊಲೆ ಕೇಸಿನಲ್ಲಿ ಹೆಸರು ಬಂದರೆ ಆ ಕೆಲಸಕ್ಕೆ ಎಳ್ಳುನೀರು. ಹುಡುಗನಿಗೆ ಅದು ಗೊತ್ತಿತ್ತು.

ತಿಪ್ಪೇಸ್ವಾಮಿ ಎಂಜಿನ್ನಿನ ಪ್ಲಗ್ ಬಿಚ್ಚಿಸಿ ನೋಡಿದ. ಅದೂ ಹೊಚ್ಚಹೊಸದು. ಒಂದು ಪ್ಲಗ್ ಸಾಕಾಗುವ ಸ್ಕೂಟರಿಗೆ ಎರಡು ಹೊಸ ಪ್ಲಗ್!

*

ಹೊರಗೆ ಗೇಟಿನ ಬಳಿ ಸೂರ್ಯನಾರಾಯಣರ ಹೆಂಡತಿ ದೇವಕಿ ಬಗ್ಗಿ ಏನನ್ನೋ ಬಳಿಯುತ್ತಿದ್ದರು. ಗಲ್ಲಿ ಗುಡಿಸಲು ಜಮಾದಾರ ಬರುತ್ತಾನೆ. ಹಾಗಿದ್ದೂ ಮನೆಗೆ ಪೊಲೀಸರು ಬಂದಿರುವಾಗ ಈಕೆಗೇಕೆ ಪೊರಕೆ?

"ಅಮ್ಮಾ, ಆ ಮೊರ ಇಲ್ಲಿ ಕೊಡಿ."

ದೇವಕಿ ಮೊರವನ್ನು ಎದೆಗೆ ಅವಚಿಕೊಂಡರು. ದಿಲೀಪ್ ಬಿಡಿಸಿಕೊಂಡ. ಧೂಳಿನಲ್ಲಿ ಜಜ್ಜಿದ ಎರಡು ನಿಂಬೆಹಣ್ಣು. ಕುಂಕುಮ ಮೆತ್ತಿತ್ತು, ರಸ ಇನ್ನೂ ಆರಿರಲಿಲ್ಲ. ಮೇಲೆ ಟೈರಿನ ಗುರುತು.

"ಇದನ್ನ ಯಾಕೆ ಮುಚ್ಚಿಡ್ತೀರಿ?"

"ನಮ್ಮ ಕಡೆಯವರು ಬಿಟ್ಟರೆ ಇಲ್ಲಿ ಯಾರು ಚಕ್ರದ ಕೆಳಗೆ ನಿಂಬೆಹಣ್ಣು ಇಡ್ತಾರೆ?" ದೇವಕಿ ಬಿಕ್ಕಿದರು. "ಒಬ್ಬನೇ ಮಗ, ಸ್ವಾಮಿ. ನಿಮ್ಮ ಕಾಲಿಗೆ ಬೀಳ್ತೀನಿ."

ತಿಪ್ಪೇಸ್ವಾಮಿ ಒಳಗೆ ಬಂದು ಅಭಿಷೇಕನ ಮುಂದೆ ಮೊರ ಹಿಡಿದ. "ಏನಿದು?"

"ನಿಂಬು." ಹುಡುಗ ಕಣ್ಣು ಪಿಳಿಪಿಳಿ ಬಿಟ್ಟ.

"ಗಾಡಿಗೂ ಇದಕ್ಕೂ ಏನು ಸಂಬಂಧ?"

"ಗಾಡಿ? ಅದು ದುಕಾನಲ್ಲಿ ಮಿರ್ಚಿ ಜೊತೆ ನೇತು ಹಾಕ್ತಾರಲ್ಲ, ನಜರ್ ಕೇ ಲಿಯೇ. ಅದೇನಾ?"

ದೆಹಲಿಯಲ್ಲೇ ಹುಟ್ಟಿ ಬೆಳೆದ ಹುಡುಗ. ಅವನಿಗೆ ಗೊತ್ತಿದ್ದದ್ದು ದೃಷ್ಟಿ ತಾಗದಿರಲೆಂದು ಅಂಗಡಿ ಬಾಗಿಲಿಗೆ ಕಟ್ಟುವ ನಿಂಬೆ ಮೆಣಸಿನಕಾಯಿ ಮಾತ್ರ. ಇದ್ದ ಒಂದು ಸ್ಕೂಟರನ್ನು ಕೊಂಡು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗ ಅವನು ತೊಟ್ಟಿಲಲ್ಲಿದ್ದ.

*

ಮೇಲಿನ ಫ್ಲ್ಯಾಟ್ ಚಂದ್ರಮೋಹನರದು, ಅದೇ ಮಂತ್ರಾಲಯದವರು. ಸಭ್ಯ ಮನುಷ್ಯ. ಹಣೆಯಲ್ಲಿ ವಿಭೂತಿ, ಮೈಮೇಲೆ ಶಾಲು. ಬಾಗಿಲು ಅರ್ಧವೇ ತೆಗೆದರು.

"ಪಾಪ, ಒಳ್ಳೆ ಹುಡುಗ," ಎಂದರು. "ಆದ್ರೆ ಕೋಪ ಜಾಸ್ತಿ. ನಮ್ಮೋರ ಹುಡುಗ ಅಂತ ಹೇಳೋಕೆ ಸಂಕಟ ಆಗುತ್ತೆ. ನಾನು ಆ ಸ್ಕೂಟರನ್ನ ಒಂದು ದಿನವೂ ಮುಟ್ಟಿದವನಲ್ಲ, ಅದರ ವಿಷಯ ನನಗೇನೂ ಗೊತ್ತಿಲ್ಲ."

ಯಾರೂ ಕೇಳದ ಪ್ರಶ್ನೆಗೆ ಉತ್ತರ. ತಿಪ್ಪೇಸ್ವಾಮಿ ಬಾಗಿಲನ್ನು ಪೂರ್ತಿ ತಳ್ಳಿದ. ಒಳಗೆ ಮೂರು ಮಂಚ. ಹಗ್ಗದ ಮೇಲೆ ಜೀನ್ಸುಗಳು. ಕಾಲೇಜು ಹುಡುಗರಿಬ್ಬರು ಮ್ಯಾಗಿ ತಿನ್ನುತ್ತ ಕೂತಿದ್ದರು.

"ನೆಂಟರ ಮಕ್ಕಳು," ಎಂದರು ಚಂದ್ರಮೋಹನ.

"ಅಂಕಲ್ ದಿನಾ ಇಲ್ಲೇ ಇರ್ತಾರಾ?" ಎಂದು ತಿಪ್ಪೇಸ್ವಾಮಿ ಹುಡುಗರನ್ನೇ ಕೇಳಿದ.

"ಇಲ್ಲ ಸರ್, ಫರೀದಾಬಾದಲ್ಲಿ ಅವರದೇ ಮನೆ ಇದೆಯಲ್ಲ," ಎಂದಿತು ಒಂದು ಬಡಪಾಯಿ. "ನಿನ್ನೆ ರಾತ್ರಿ ಮಾತ್ರ ಬಂದು ಮಲಗಿದ್ರು."

ಚಂದ್ರಮೋಹನರು ಆ ಹುಡುಗನನ್ನು ನುಂಗುವ ಹಾಗೆ ನೋಡಿದರು.

*

ಮಧ್ಯಾಹ್ನ ತಿಪ್ಪೇಸ್ವಾಮಿ ಎಲ್ಲರನ್ನೂ ಅಂಗಳಕ್ಕೆ ಕರೆದ. ಪ್ಲಗ್ ಮತ್ತೆ ಕೂರಿಸಿತ್ತು. ದಿಲೀಪ್ ಅಭಿಷೇಕನ ತೋಳು ಹಿಡಿದು ನಿಂತಿದ್ದ. ದೇವಕಿ ಗೋಡೆಗೆ ಆತು ಕೂತಿದ್ದರು.

"ಹುಡುಗನನ್ನ ಕರ್ಕೊಂಡು ಹೋಗ್ತಿದೀವಿ," ಎಂದ ತಿಪ್ಪೇಸ್ವಾಮಿ. "ಸ್ಕೂಟರೂ ಠಾಣೆಗೆ ಬರಬೇಕು. ಈಗ ನೋಡಿದ್ರೆ ಸ್ಟಾರ್ಟ್ ಆಗ್ತಿಲ್ಲ. ನಿಮ್ಮ ಗಾಡಿ, ನೀವೇ ಸ್ಟಾರ್ಟ್ ಮಾಡಿಕೊಡಿ."

ಸೂರ್ಯನಾರಾಯಣ ಹಲ್ಲು ಕಚ್ಚಿ ಬಂದರು. ಸ್ಕೂಟರನ್ನು ಪಕ್ಕಕ್ಕೆ ವಾಲಿಸಿದರು. ಕೈ ತಾನಾಗಿ ಸೀಟಿನ ಕೆಳಗೆ ಹೋಯಿತು. ಕಾಕನ್ನು ಬಲಕ್ಕೆ ಬಿಗಿಯಾಗಿ ಒತ್ತಿ ಕಿಕ್ ಹೊಡೆದರು. ಇಲ್ಲ. ಇನ್ನೊಂದು, ಮತ್ತೊಂದು. ಹಣೆ ಬೆವರಿತು, ಸ್ಕೂಟರ್ ಉಸಿರೆತ್ತಲಿಲ್ಲ.

ತಿಪ್ಪೇಸ್ವಾಮಿ ಅಭಿಷೇಕನಿಗೂ ಸ್ಟಾರ್ಟ್ ಮಾಡಲು ಹೇಳಿದ. ಅವನು ಬಗ್ಗಿ ಅಚ್ಚಿನ ಅಕ್ಷರ ಓದಿದ, ಕಾಕ್ ಬಲಕ್ಕೇ ಇದೆಯೆಂದು ನೋಡಿದ, ಕಾಲು ನೋಯುವಷ್ಟು ಒದ್ದ. ಇಲ್ಲ.

"ಟೆಂಪೋ ತರಿಸ್ಬೇಕು. ಸಂಜೆ ಆಗುತ್ತೆ," ಎಂದ ತಿಪ್ಪೇಸ್ವಾಮಿ ಬೇಸರದಿಂದ. "ಅಲ್ಲೀವರೆಗೆ ಎಲ್ಲರೂ ಇಲ್ಲೇ ಇರಿ. ಮೇಲಿನ ಹುಡುಗರ ಹೇಳಿಕೆ ಇನ್ನೊಂದು ಸಲ ತಗೋತೀನಿ."

ಚಂದ್ರಮೋಹನರ ಮುಖ ಇಳಿಯಿತು. ಪೊಲೀಸರು ತೊಲಗಿದರೆ ಸಾಕಾಗಿತ್ತು ಅವರಿಗೆ. "ಸರೀರಿ, ಕೊಡಿ ಇಲ್ಲಿ," ಎಂದು ಶಾಲು ಕೊಡವಿ ಇಳಿದು ಬಂದರು. ಬಗ್ಗಿದರು. ಕಾಕನ್ನು ಎಡಕ್ಕೆ ತಿರುಗಿಸಿದರು. ಪೆಟ್ರೋಲ್ ಇಳಿಯಲೆಂದು ಒಂದು ಕ್ಷಣ ಕಾದು ಕಿಕ್ ಹೊಡೆದರು.

ಒಂದೇ ಕಿಕ್ಕಿಗೆ ಸ್ಕೂಟರ್ ಗುಡುಗಿತು.

"ದಿಲೀಪ್," ಎಂದ ತಿಪ್ಪೇಸ್ವಾಮಿ, "ಹುಡುಗನ್ನ ಬಿಡು. ಇವರನ್ನ ಹಿಡಿ."

*

"ಇದೇನ್ರೀ ಅನ್ಯಾಯ! ಸ್ಟಾರ್ಟ್ ಮಾಡಿದ್ದೇ ತಪ್ಪಾ?" ಚಂದ್ರಮೋಹನ ಕಿರುಚಿದರು.

"ಎಡಕ್ಕೆ ತಿರುಗಿಸಿದ್ದು ತಪ್ಪು. ಅಲ್ಲೇನು ಬರೆದಿದೆ ಓದಿ."

ಚಂದ್ರಮೋಹನ ಓದಿದರು. ಕ್ಲೋಸ್.

"ವರ್ಷಗಟ್ಟಲೆ ನಿಂತ ಗಾಡಿಯ ವಾಷರ್ ಒಣಗಿ ಪೆಟ್ರೋಲ್ ಸೋರುತ್ತೆ. ಅದಕ್ಕೆ ನೀವು ಹೊಸ ಕಾಕ್ ಹಾಕಿದ್ರಿ. ಕೂರಿಸುವಾಗ ಅದು ತಿರುವುಮುರುವಾಯ್ತು. ಬೆಳಿಗ್ಗೆ ನಾನು ಕ್ಲೋಸ್ ಮಾಡಿದ್ರೆ ಎಂಜಿನ್ ಓಡ್ತಾನೇ ಇತ್ತು, ಓಪನ್ ಮಾಡಿದ್ರೆ ನಿಂತಿತು. ಹಳಬರು ಅಭ್ಯಾಸದಿಂದ ಬಲಕ್ಕೆ ತಿರುಗಿಸ್ತಾರೆ. ಹೊಸಬರು ಓದಿ ಬಲಕ್ಕೆ ತಿರುಗಿಸ್ತಾರೆ. ಎಡಕ್ಕೆ ತಿರುಗಿಸೋದು ರಿಪೇರಿ ಮಾಡಿದವನ ಕೈ ಮಾತ್ರ. ಮುಟ್ಟೇ ಇಲ್ಲ ಅಂದ ನಿಮ್ಮ ಕೈಗೆ ಅದು ಹೇಗೆ ಗೊತ್ತಾಯ್ತು?"

ಸೂರ್ಯನಾರಾಯಣ ತಡವರಿಸಿದರು. "ದಸರೆಗೆ ಊರಿಗೆ ಹೋದಾಗ... ಬೀಗದ ಕೈಯೆಲ್ಲ ಇವರ ಹತ್ರಾನೇ ಕೊಟ್ಟಿದ್ವಿ."

"ಆಗಲೇ ಸ್ಕೂಟರಿಗೆ ಜೀವ ಬಂದಿದ್ದು. ಗುದ್ದೋ ಯೋಚನೆ ಆಗಿನಿಂದಲೇ ಇತ್ತು. ಫರೀದಾಬಾದಲ್ಲಿ ಸ್ವಂತ ಮನೆ, ಇಲ್ಲಿ ಸರ್ಕಾರಿ ಮನೇಲಿ ಬಾಡಿಗೆ ಹುಡುಗರು. ಅಶ್ವತ್ಥನಾರಾಯಣರ ಕಂಪ್ಲೇಂಟುಗಳಲ್ಲಿ ನಿಜವಾದದ್ದು ಇದೊಂದೇ. ಅವರು ವಿಚಾರಣೇಲಿ ಬಾಯಿ ಬಿಟ್ಟಿದ್ರೆ ನಿಮ್ಮ ನೌಕರಿಗೇ ಸಂಚಕಾರ. ಈ ಹುಡುಗ ಅವರ ಕಾಲರ್ ಹಿಡಿದಿದ್ದು ನಿಮಗೆ ಹಬ್ಬದೂಟ ಆಯ್ತು. ಇವನ ಮನೆ ಗಾಡೀಲಿ ಗುದ್ದಿದ್ರೆ ಗಲ್ಲು ಇವನಿಗೆ."

"ನೀವು ನಮ್ಮೋರು," ಚಂದ್ರಮೋಹನರ ದನಿ ಇಳಿಯಿತು. "ಸ್ವಲ್ಪ ನೋಡಿ..."

"ನೋಡಿದೆನಲ್ಲ. ಕೊಲೆಗೆ ಹೊರಟಾಗಲೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿರಿ. ನಮ್ಮೋರೇ ಅಂತ ಆಗಲೇ ಗೊತ್ತಾಯ್ತು." ತಿಪ್ಪೇಸ್ವಾಮಿ ಜೀಪಿನತ್ತ ಕೈ ತೋರಿಸಿದ. "ಹತ್ತಿ."

ಜೀಪು ಹೊರಟಿತು. ಸೂರ್ಯನಾರಾಯಣ ಕೈಯೊರೆಸಿಕೊಳ್ಳುತ್ತ ನಿಂತರು. ದೇವಕಿ ಓಡಿ ಬಂದು ಮಗನ ಕೆನ್ನೆ ಹಿಡಿದರು. "ನನ್ನ ಕಂದಾ, ಸೋಮವಾರ ಕೆಲಸಕ್ಕೆ ಹೋಗಬಹುದು. ಸ್ಕೂಟರೂ ಕೇಸ್ ಮುಗಿದ ಮೇಲೆ ವಾಪಸ್ ಕೊಡ್ತಾರಂತೆ."

ಅಭಿಷೇಕ್ ಅವರ ಕೈ ಬಿಡಿಸಿದ.

"ಪಪ್ಪಾ ನನ್ನನ್ನ ಹೇಗೆ ನೋಡಿದ್ರು ಅಂತ ನೋಡಿದೆ. ನೀನು ಯಾಕೆ ಆ ನಿಂಬು ಗುಡಿಸಿದೆ, ಅಮ್ಮಾ?"

ದೇವಕಿ ಗೇಟಿನ ಕಡೆ ಮುಖ ತಿರುಗಿಸಿದರು.

"ನಾನೇ ಮಾಡಿದೀನಿ ಅಂತ ನೀನೂ ಅಂದ್ಕೊಂಡೆ. ಹೈ ನಾ?"

ಅವನು ಒಳಗೆ ಹೋಗಿ ಡ್ರಾಯರಿನಿಂದ ಹೊಸ ಪ್ಲಗ್ ತಂದು ತಂದೆಯ ಕೈಗೆ ಕೊಟ್ಟ.

"ಇದು ನಿಮ್ಮ ಗಾಡಿಗೆ. ನಾನು ಬಸ್ಸಲ್ಲಿ ಹೋಗ್ತೀನಿ."